ಸವೆದ ಮಂಡಿ ಚುಚ್ಚುಮದ್ದಿಗೆ ಚಿಗುರೀತೇ?

ಅಮೆರಿಕದ ಫ್ಲಾರಿಡಾದಲ್ಲಿರುವ ಮೇಯೊ ಕ್ಲಿನಿಕ್‌ನ ವೈದ್ಯರು ಎರಡೂ ಮಂಡಿ ನೋಯುತ್ತಿದ್ದ 25 ಮಂದಿಯನ್ನು ಒಂದು ಪ್ರಯೋಗಕ್ಕೆ ಆರಿಸಿಕೊಂಡರು. ಪ್ರತಿಯೊಬ್ಬರ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಯಂತ್ರದಲ್ಲಿ ತಿರುಗಿಸಿ ಗಟ್ಟಿ ಮಾಡಿ, ಒಂದು ಮಂಡಿಗೆ ಚುಚ್ಚಿದರು. ಇನ್ನೊಂದು ಮಂಡಿಗೆ ಕೊಟ್ಟದ್ದು ಬರಿಯ ಸಲೈನ್. ಯಾವ ಮಂಡಿಗೆ ಯಾವುದು ಹೋಯಿತೆಂದು ರೋಗಿಗೆ ಹೇಳಲಿಲ್ಲ. ಆರು ತಿಂಗಳಾದ ಮೇಲೆ ವಿಚಾರಿಸಿದರೆ, ಮಜ್ಜೆ ಹೋದ ಮಂಡಿಯ ನೋವು ಚೆನ್ನಾಗಿಯೇ ಇಳಿದಿತ್ತು. ಸಲೈನ್ ಹೋದ ಮಂಡಿಯದೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು!

2017ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಅದು ಎತ್ತಿದ ಪ್ರಶ್ನೆ ದೊಡ್ಡದು. ಅದೇ ಬಗೆಯ ಮಜ್ಜೆಯ ಸಾಂದ್ರಕ ಅಮೆರಿಕದಿಂದ ಭಾರತದವರೆಗೆ ಬಹಳಷ್ಟು ಕ್ಲಿನಿಕ್‌ಗಳಲ್ಲಿ ‘ಸ್ಟೆಮ್ ಸೆಲ್ ಚಿಕಿತ್ಸೆ’ ಎಂಬ ಹೆಸರಿನಲ್ಲಿ ಬಿಕರಿಯಾಗುತ್ತಿದೆ. ಆಪರೇಷನ್ ಬೇಡ, ಸವೆದದ್ದು ಮತ್ತೆ ಬೆಳೆಯುತ್ತದೆ ಎನ್ನುವುದು ಜಾಹೀರಾತುಗಳ ಮಾಮೂಲಿ ಧಾಟಿ. ಇಲ್ಲಿಯವರೆಗಿನ ವಿಜ್ಞಾನ ಹೇಳುವುದು ಇಷ್ಟು: ಕೆಲವರ ನೋವು ಸ್ವಲ್ಪ ಕಡಿಮೆಯಾದೀತು. ಮಂಡಿಗೆ ಚುಚ್ಚಿದ ಆಕರಕೋಶಗಳಿಂದ (ಸ್ಟೆಮ್ ಸೆಲ್) ಸವೆದ ಮೃದ್ವಸ್ಥಿ (ಕಾರ್ಟಿಲೇಜ್) ಮತ್ತೆ ಬೆಳೆಯಿತು ಎನ್ನಲು ಭದ್ರವಾದ ಪುರಾವೆ ಇಲ್ಲ. ಈ ಎರಡು ಮಾತುಗಳ ನಡುವಿನ ಸಂದಿನಲ್ಲಿ ವ್ಯಾಪಾರ ಕುದುರಿಕೊಂಡಿದೆ. ಆ ಸಂದನ್ನು ಮುಚ್ಚುವ ಕೆಲಸ ಸರ್ಕಾರದ್ದು.

ಮಂಡಿನೋವೆಂಬುದು ಸಣ್ಣ ಮಾರುಕಟ್ಟೆಯೇನಲ್ಲ. ಬೆಂಗಳೂರು, ಪುಣೆ, ಕೋಲ್ಕತ್ತ ಸೇರಿದಂತೆ ದೇಶದ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು 29% ಮಂದಿಗೆ ಮಂಡಿ ಸವೆತದ ಸಂಧಿವಾತ ಕಂಡುಬಂದಿತ್ತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ‘ಗ್ಯಾಪ್ ಕಡಿಮೆಯಾಗಿದೆ’ ಎಂದು ಡಾಕ್ಟರು ಹೇಳಿದ ದಿನದಿಂದ ಆ ಮನೆಯಲ್ಲಿ ಹೊಸ ಹುಡುಕಾಟ ಶುರು. ಎಣ್ಣೆ ನೀವುವುದು, ಪಟ್ಟಿ ಕಟ್ಟುವುದು, ನೋವಿನ ಮಾತ್ರೆ, ಸ್ಟೆರಾಯ್ಡ್ ಇಂಜೆಕ್ಷನ್ ಎಲ್ಲ ಮುಗಿದ ಮೇಲೆ ಉಳಿಯುವುದು ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ. ಅದಕ್ಕೆ ಹೆದರುವವರು ಬಹಳ. ನೆಲದ ಮೇಲೆ ಕೂತು ಉಂಡು, ಕುಕ್ಕರಗಾಲಿನಲ್ಲಿ ಕೂತು ಕಳೆ ಕಿತ್ತು ಬದುಕಿದವರಿಗೆ ‘ಇನ್ನು ಮೇಲೆ ಕುರ್ಚಿಯೇ ಗತಿ’ ಎಂಬ ಮಾತು ಸುಲಭಕ್ಕೆ ಇಳಿಯುವುದಿಲ್ಲ. ಆಪರೇಷನ್ನಿಲ್ಲದ ದಾರಿಯೊಂದಿದೆ ಎಂದು ಯಾರಾದರೂ ಹೇಳಿದರೆ ಕಿವಿ ನಿಮಿರುವುದು ಸಹಜ.

ಮೃದ್ವಸ್ಥಿ ಯಾಕೆ ತಾನಾಗಿ ಕೂಡಿಕೊಳ್ಳುವುದಿಲ್ಲ? ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಮಂಡಿಯೊಳಗೆ ಮೂಳೆಯ ತುದಿಯನ್ನು ಹೊದ್ದಿರುವ ಈ ಬಿಳಿಯ ನುಣುಪು ಪದರದ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್. ಅದರ ತೂಕದ ಬಹುಪಾಲು ನೀರು. ಉಳಿದದ್ದು ಕೊಲಾಜೆನ್ ನಾರಿನ ಹೆಣಿಗೆ, ಮತ್ತು ಆ ನೀರನ್ನು ಬಿಟ್ಟುಕೊಡದೆ ಹಿಡಿದಿಡುವ ಅಣುಗಳು. ಜೀವಕೋಶಗಳು ಅಲ್ಲೊಂದು ಇಲ್ಲೊಂದು. ರಕ್ತನಾಳವೂ ಇಲ್ಲ, ನರವೂ ಇಲ್ಲ. ನರವಿಲ್ಲದ್ದರಿಂದ ಸವೆತ ಶುರುವಾದದ್ದು ಗೊತ್ತಾಗುವುದಿಲ್ಲ. ರಕ್ತವಿಲ್ಲದ್ದರಿಂದ ದುರಸ್ತಿಗೆ ಯಾರೂ ಬರುವುದಿಲ್ಲ. ಸ್ಕಾಟ್ಲೆಂಡ್ ಮೂಲದ ಅಂಗರಚನಾ ತಜ್ಞ ವಿಲಿಯಂ ಹಂಟರ್, ಒಮ್ಮೆ ಹಾಳಾದ ಮೃದ್ವಸ್ಥಿ ಮರಳಿ ಸರಿಹೋಗುವುದಿಲ್ಲ ಎಂದು ಬರೆದದ್ದು 1743ರಲ್ಲಿ.

ಅವನ ಮಾತಿಗೆ ವಿಚಿತ್ರ ದಿಕ್ಕಿನಿಂದ ಇನ್ನೊಂದು ಸಾಕ್ಷಿ ಸಿಕ್ಕಿತು. 1950 ಮತ್ತು 60ರ ದಶಕಗಳಲ್ಲಿ ಬಲಾಢ್ಯ ದೇಶಗಳು ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ವಾತಾವರಣದಲ್ಲಿ ಕಾರ್ಬನ್-14ರ ಪ್ರಮಾಣ ಒಮ್ಮೆಲೇ ಏರಿತು. ಅದು ಗಿಡಗಳಿಗೆ, ಅಲ್ಲಿಂದ ಅನ್ನಕ್ಕೆ, ಅನ್ನದಿಂದ ಮನುಷ್ಯನ ಮೈಗೆ ಬಂತು. ದೇಹದ ಯಾವ ಭಾಗ ಯಾವ ಕಾಲದಲ್ಲಿ ಕಟ್ಟಿದ್ದೆಂದು ಆ ಗುರುತಿನಿಂದ ಲೆಕ್ಕ ಹಾಕಬಹುದು. ಡೆನ್ಮಾರ್ಕಿನ ಸಂಶೋಧಕರು 2016ರಲ್ಲಿ ಮಂಡಿಯ ಮೃದ್ವಸ್ಥಿಯನ್ನು ಹೀಗೆ ಅಳೆದು ನೋಡಿದರು. ಬೆಳವಣಿಗೆಯ ವಯಸ್ಸಿನಲ್ಲಿ ಹೆಣೆದ ಕೊಲಾಜೆನ್ ಆಮೇಲೆ ಬದಲಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಆರೋಗ್ಯವಂತರಲ್ಲೂ ಹಾಗೆಯೇ, ಸಂಧಿವಾತ ಬಂದವರಲ್ಲೂ ಹಾಗೆಯೇ. ಅರವತ್ತರ ಹರೆಯದಲ್ಲಿ ದೇವಸ್ಥಾನದ ಮೆಟ್ಟಿಲು ಹತ್ತುವವರು ಹದಿಹರೆಯದಲ್ಲಿ ಕಟ್ಟಿದ ಸರಕಿನ ಮೇಲೆಯೇ ಹತ್ತುತ್ತಿರುತ್ತಾರೆ.

ಇಂಥ ಹಠಮಾರಿ ವಸ್ತುವನ್ನು ದುರಸ್ತಿ ಮಾಡಲು ಶಸ್ತ್ರಚಿಕಿತ್ಸಕರು ಸುಮ್ಮನೆ ಕೂತಿರಲಿಲ್ಲ. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್, ಸವೆದ ಜಾಗದ ಕೆಳಗಿನ ಮೂಳೆಗೆ ಸಣ್ಣ ಸಣ್ಣ ತೂತು ಕೊರೆಯುವ ವಿಧಾನವನ್ನು ರೂಪಿಸಿದರು. ಮಜ್ಜೆಯ ರಕ್ತ ಮೇಲೆ ಬಂದು ಹೆಪ್ಪುಗಟ್ಟಿ, ಆ ಹೆಪ್ಪಿನಿಂದ ಹೊಸ ಪದರ ಮೂಡುತ್ತದೆ. ತೊಂದರೆಯೆಂದರೆ, ಮೂಡುವುದು ಬಹುತೇಕ ಗಾಯದ ಕಲೆಯಂಥ ನಾರು ಮೃದ್ವಸ್ಥಿ. ಮೂಲದ ನುಣುಪೂ ಬಾಳಿಕೆಯೂ ಅದಕ್ಕಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಲಾರ್ಸ್ ಪೀಟರ್‌ಸನ್ ಮತ್ತು ಮ್ಯಾಟ್ಸ್ ಬ್ರಿಟ್‌ಬರ್ಗ್ ತಂಡ ಬೇರೆ ದಾರಿ ಹಿಡಿಯಿತು. ರೋಗಿಯ ಮಂಡಿಯಿಂದಲೇ ಒಂದು ಚೂರು ಮೃದ್ವಸ್ಥಿ ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಿ, ಎರಡನೆಯ ಆಪರೇಷನ್‌ನಲ್ಲಿ ಹಳ್ಳಕ್ಕೆ ತುಂಬುವುದು. 1994ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 23 ರೋಗಿಗಳಿದ್ದರು. ತೊಡೆಮೂಳೆಯ ತುದಿಯಲ್ಲಿ ಹಾನಿಯಾಗಿದ್ದ 16 ಮಂದಿಯಲ್ಲಿ 14 ಮಂದಿಗೆ ಒಳ್ಳೆಯ ಫಲ ಸಿಕ್ಕಿತು. ಮಂಡಿಚಿಪ್ಪಿನ ಹಿಂಭಾಗ ಹಾಳಾಗಿದ್ದ 7 ಮಂದಿಯಲ್ಲಿ ಫಲ ಸಿಕ್ಕಿದ್ದು ಇಬ್ಬರಿಗೆ. ಒಂದೇ ಮಂಡಿಯೊಳಗೆ ಜಾಗ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂಬುದನ್ನು ಅಂದೇ ಮುಚ್ಚಿಡದೆ ಬರೆದರು. ಇಂದಿನ ಜಾಹೀರಾತು ಬರೆಯುವವರು ಆ ವರದಿಯನ್ನು ಒಮ್ಮೆ ಓದಬೇಕು.

ಈ ವಿಧಾನ ಈಗ ಪಳಗಿದೆ. ಅಮೆರಿಕದಲ್ಲಿ ಅದರ ಸುಧಾರಿತ ರೂಪಕ್ಕೆ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಭಾರತದಲ್ಲಿ ಮುಂಬಯಿಯ ರೀಗ್ರೋ ಬಯೊಸೈನ್ಸಸ್‌ನ ಇಂಥದೇ ಉತ್ಪನ್ನಕ್ಕೆ 2017ರಲ್ಲಿ ಪರವಾನಗಿ ದೊರೆಯಿತು. ಗಮನಿಸಬೇಕಾದದ್ದು ಎರಡು ಸಂಗತಿ. ಇವು ಆಕರಕೋಶಗಳಲ್ಲ, ಬೆಳೆದು ನಿಂತ ಮೃದ್ವಸ್ಥಿ ಕೋಶಗಳು. ಮತ್ತು ಇವು ಆಟದಲ್ಲಿ ಬಿದ್ದೋ ಅಪಘಾತದಲ್ಲೋ ಒಂದು ಕಡೆ ಕಿತ್ತುಹೋದ ಗುಣಿಗೆ ಹೇಳಿಮಾಡಿಸಿದವು. ಅರವತ್ತೈದರ ಅಜ್ಜಿಯ ಮಂಡಿ ಹಾಗಲ್ಲ. ಅಲ್ಲಿ ಇಡೀ ಕೀಲು ಉರಿಯೂತದಲ್ಲಿದೆ, ಕೆಳಗಿನ ಮೂಳೆ ಗಡುಸಾಗಿದೆ, ಕಾಲು ಬಾಗಿದೆ. ಕಾಲ್ಚೆಂಡಿನ ಆಟಗಾರನಿಗೆ ಒದಗಿದ ಚಿಕಿತ್ಸೆಯ ಫೋಟೊ ತೋರಿಸಿ ಅಜ್ಜಿಗೆ ಇಂಜೆಕ್ಷನ್ ಮಾರುವುದು ಮೋಸವಲ್ಲದೆ ಮತ್ತೇನು?

ಆಕರಕೋಶಗಳ ಕತೆ ಮಾಸ್ಕೊದಿಂದ ಆರಂಭವಾಗುತ್ತದೆ. ಅಲ್ಲಿನ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960ರ ದಶಕದಿಂದ ಮಜ್ಜೆಯ ಕೆಲವು ಕೋಶಗಳಿಗೆ ಮೂಳೆ ಕಟ್ಟುವ ಶಕ್ತಿಯಿದೆ ಎಂದು ತೋರಿಸುತ್ತ ಬಂದರು. ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ 1991ರಲ್ಲಿ ಅವಕ್ಕೆ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂದು ಹೆಸರಿಟ್ಟರು. ಪ್ರಯೋಗಾಲಯದ ತಟ್ಟೆಯಲ್ಲಿ ಸರಿಯಾದ ಪೋಷಕದ್ರವ ಕೊಟ್ಟರೆ ಈ ಕೋಶಗಳು ಮೂಳೆಯಾಗುತ್ತವೆ, ಕೊಬ್ಬಾಗುತ್ತವೆ, ಮೃದ್ವಸ್ಥಿಯೂ ಆಗುತ್ತವೆ. ಇವನ್ನೇ ಮಂಡಿಗೆ ಚುಚ್ಚಿದರೆ ಅಲ್ಲೂ ಮೃದ್ವಸ್ಥಿಯಾಗಬಾರದೇಕೆ ಎಂಬ ಆಸೆ ಹುಟ್ಟಿದ್ದು ಹೀಗೆ.

ಮಂಡಿಯೊಳಗೆ ನಡೆಯುವುದು ಬೇರೆ. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ 35 ರೋಗಿಗಳ ಮೃದ್ವಸ್ಥಿಯ ಗುಣಿಗೆ ಅವರದೇ ಮೃದ್ವಸ್ಥಿ ಕೋಶಗಳನ್ನೂ ಬೇರೆ ದಾನಿಗಳ ಆಕರಕೋಶಗಳನ್ನೂ ಬೆರೆಸಿ ತುಂಬಿದರು. ವರ್ಷದ ಬಳಿಕ ಹೊಸದಾಗಿ ಬೆಳೆದ ಪದರದ ಚೂರು ತೆಗೆದು ಡಿಎನ್‌ಎ ಪರೀಕ್ಷಿಸಿದಾಗ ಸಿಕ್ಕಿದ್ದು ರೋಗಿಯ ಡಿಎನ್‌ಎ ಮಾತ್ರ; ದಾನಿಯ ಕೋಶಗಳ ಪತ್ತೆಯೇ ಇಲ್ಲ. ಬಂದವು ಇಟ್ಟಿಗೆಯಾಗಿ ಗೋಡೆಗೆ ಸೇರಲಿಲ್ಲ, ಮೇಸ್ತ್ರಿಯಂತೆ ಕೆಲಸ ಹೇಳಿ ಹೊರಟುಹೋದವು. ಅವು ಸ್ರವಿಸುವ ರಾಸಾಯನಿಕಗಳು ಉರಿಯೂತ ತಗ್ಗಿಸುತ್ತವೆ, ಅಲ್ಲಿರುವ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತವೆ ಎಂಬುದು ಈಗ ಬಹುಪಾಲು ವಿಜ್ಞಾನಿಗಳ ಅಭಿಪ್ರಾಯ. ನಾಮಕರಣ ಮಾಡಿದ ಕ್ಯಾಪ್ಲನ್ನರೇ 2017ರಲ್ಲಿ, ಈ ಹೆಸರು ಜನರಿಗೆ ತಪ್ಪು ತಿಳಿವಳಿಕೆ ಕೊಡುತ್ತಿದೆ, ಕ್ಲಿನಿಕ್‌ಗಳು ಇದನ್ನು ತೋರಿಸಿ ರೋಗಿಗಳನ್ನು ಸೆಳೆಯುತ್ತಿವೆ, ಹೆಸರು ಬದಲಿಸೋಣ ಎಂದು ಬರೆದರು. ಹೆಚ್ಚಿನವರು ಬದಲಿಸಲಿಲ್ಲ. ಅಷ್ಟು ಹೊತ್ತಿಗೆ ಹೆಸರೇ ಬಂಡವಾಳವಾಗಿತ್ತು.

ಇನ್ನು ಕ್ಲಿನಿಕ್‌ನಲ್ಲಿ ಅರ್ಧ ದಿನದಲ್ಲಿ ಮುಗಿಸುವ ಮಜ್ಜೆಯ ಸಾಂದ್ರಕದಲ್ಲಿ ಆಕರಕೋಶ ಎಷ್ಟಿರುತ್ತದೆ? ಮಜ್ಜೆಯ ಕೋಶಗಳಲ್ಲಿ ಅವುಗಳ ಪಾಲು 0.001ರಿಂದ 0.01% ಎಂದು 1999ರಲ್ಲೇ ಲೆಕ್ಕ ಸಿಕ್ಕಿದೆ. ಹತ್ತು ಸಾವಿರಕ್ಕೆ ಒಂದು, ಕೆಲವೊಮ್ಮೆ ಲಕ್ಷಕ್ಕೆ ಒಂದು. ತೋಳಿನ ರಕ್ತ ತೆಗೆದು ಮಾಡುವ ಪಿಆರ್‌ಪಿಯನ್ನೂ ಕೆಲವರು ಇದೇ ಗುಂಪಿಗೆ ಸೇರಿಸಿ ಮಾತನಾಡುತ್ತಾರೆ. ಅದು ಪ್ಲೇಟ್‌ಲೆಟ್‌ಗಳ ಸಾಂದ್ರಕ. ಆಕರಕೋಶ ಚಿಕಿತ್ಸೆ ಎನ್ನಲು ಬರುವುದಿಲ್ಲ.

ದೊಡ್ಡ ಪರೀಕ್ಷೆಗಳು ಏನು ಹೇಳುತ್ತವೆ? ಅಮೆರಿಕದಲ್ಲಿ ಸುಮಾರು 475 ಮಂಡಿನೋವಿನ ರೋಗಿಗಳ ಮೇಲೆ ನಡೆದು 2023ರ ಕೊನೆಗೆ ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟವಾದ ಪ್ರಯೋಗ ಇವುಗಳಲ್ಲಿ ಮುಖ್ಯವಾದದ್ದು. ಕೆಲವರಿಗೆ ಸ್ವಂತ ಮಜ್ಜೆಯ ಸಾಂದ್ರಕ, ಕೆಲವರಿಗೆ ಸ್ವಂತ ಕೊಬ್ಬಿನಿಂದ ತೆಗೆದ ಕೋಶಗಳು, ಕೆಲವರಿಗೆ ಹೊಕ್ಕುಳಬಳ್ಳಿಯ ಆಕರಕೋಶಗಳು. ಹೋಲಿಸಿದ್ದು ಹಳೆಯ, ಅಗ್ಗದ ಸ್ಟೆರಾಯ್ಡ್ ಇಂಜೆಕ್ಷನ್‌ಗೆ. ವರ್ಷದ ಕೊನೆಗೆ ಮೂರರಲ್ಲಿ ಒಂದೂ ನೋವಿನ ವಿಷಯದಲ್ಲಿ ಸ್ಟೆರಾಯ್ಡನ್ನು ಮೀರಿಸಲಿಲ್ಲ. ಎಂಆರ್‌ಐಯಲ್ಲೂ ಮಂಡಿ ಸುಧಾರಿಸಿದ ಗುರುತು ಕಾಣಲಿಲ್ಲ. ಜಗತ್ತಿನ 25 ಪ್ರಯೋಗಗಳನ್ನು ಒಟ್ಟಿಗೆ ಜಾಲಾಡಿದ ಕಾಕ್ರೇನ್ ಸಂಸ್ಥೆಯ 2025ರ ಪರಾಮರ್ಶೆ ಇನ್ನೂ ಹುಷಾರಾಗಿ ಮಾತನಾಡಿತು: ನೋವು ಮತ್ತು ಓಡಾಟದಲ್ಲಿ ಅಲ್ಪ ಸುಧಾರಣೆ ಇರಬಹುದು, ಆದರೆ ಪುರಾವೆಯ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ.

ಹಾಗಾದರೆ ಇದೆಲ್ಲ ಬೊಗಳೆಯೇ? ಅಲ್ಲ. ಅಲ್ಲವೆನ್ನಲು ಕಾರಣ ಬೆಂಗಳೂರಿನಲ್ಲೇ ಇದೆ. ಮಣಿಪಾಲ ಸಮೂಹದ ಸ್ಟೆಂಪ್ಯೂಟಿಕ್ಸ್ ಕಂಪನಿ ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಆಕರಕೋಶಗಳನ್ನು ಬೇರ್ಪಡಿಸಿ, ಬೆಳೆಸಿ, ಒಟ್ಟು ಸೇರಿಸಿ ‘ಸ್ಟೆಂಪ್ಯೂಸೆಲ್’ ಎಂಬ ಉತ್ಪನ್ನ ತಯಾರಿಸಿದೆ. ಮೊದಲು ಬರ್ಜರ್ ಕಾಯಿಲೆಯಿಂದ ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೆ ಅದನ್ನು ಪರೀಕ್ಷಿಸಿದರು. ಆಮೇಲೆ ಮಂಡಿಗೆ ಬಂದರು. ಮೂರನೆಯ ಹಂತದ ಪ್ರಯೋಗದಲ್ಲಿ 146 ರೋಗಿಗಳಿದ್ದರು. ಒಂದು ಗುಂಪಿಗೆ ಎರಡೂವರೆ ಕೋಟಿ ಕೋಶಗಳ ಒಂದೇ ಇಂಜೆಕ್ಷನ್, ಇನ್ನೊಂದಕ್ಕೆ ಕೋಶಗಳಿಲ್ಲದ ಹುಸಿ ಇಂಜೆಕ್ಷನ್. ವರ್ಷದ ಬಳಿಕ ಕೋಶ ಪಡೆದವರ ನೋವು, ಬಿಗಿತ ಎರಡೂ ಇನ್ನೊಂದು ಗುಂಪಿಗಿಂತ ಸ್ಪಷ್ಟವಾಗಿ ಕಡಿಮೆಯಿದ್ದವು. ಭಾರತದ ಔಷಧ ಮಹಾನಿಯಂತ್ರಕರು 2022ರಲ್ಲಿ ಮಾರಾಟಕ್ಕೆ ಒಪ್ಪಿಗೆ ಕೊಟ್ಟರು. ಆಲ್ಕೆಮ್ ಕಂಪನಿ ಅದನ್ನು ಮಾರುತ್ತಿದೆ. ಕ್ರಮವಾಗಿ ಪ್ರಯೋಗ ಮಾಡಿ, ಫಲಿತಾಂಶ ಪ್ರಕಟಿಸಿ, ಪರವಾನಗಿ ಪಡೆದ ಈ ದಾರಿಗೆ ಮೆಚ್ಚುಗೆ ಸಲ್ಲಬೇಕು.

ಮೆಚ್ಚುಗೆಯ ಜೊತೆಗೇ ಆ ಪ್ರಯೋಗ ಏನು ಹೇಳಲಿಲ್ಲ ಎಂಬುದನ್ನೂ ನೋಡಬೇಕು. ಕೋಶ ಪಡೆದ ಗುಂಪಿನಲ್ಲಿ ಮೃದ್ವಸ್ಥಿ ಇನ್ನಷ್ಟು ಹದಗೆಡಲಿಲ್ಲ, ಹುಸಿ ಇಂಜೆಕ್ಷನ್‌ನ ಗುಂಪಿನಲ್ಲಿ ಹದಗೆಡುತ್ತ ಹೋಯಿತು ಎಂದು ಎಂಆರ್‌ಐ ಸೂಚಿಸಿತು. ಮೃದ್ವಸ್ಥಿಯ ಒಟ್ಟು ಪ್ರಮಾಣದಲ್ಲಿ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ಸವೆತ ನಿಂತಿತು ಎನ್ನಬಹುದು. ಹೊಸದು ಬೆಳೆಯಿತು ಎನ್ನುವಂತಿಲ್ಲ. ಪ್ರಯೋಗಕ್ಕೆ ತೆಗೆದುಕೊಂಡದ್ದು ಎರಡು ಮತ್ತು ಮೂರನೆಯ ದರ್ಜೆಯ ಸವೆತವಿದ್ದವರನ್ನು. ಮೂಳೆಗೆ ಮೂಳೆ ತಾಗುವ ನಾಲ್ಕನೆಯ ದರ್ಜೆಯವರಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ಪ್ರಯೋಗ ನಡೆಸಿದ್ದು ಉತ್ಪನ್ನದ ಒಡೆತನವಿರುವ ಕಂಪನಿಯೇ. ಇವು ತಪ್ಪುಗಳಲ್ಲ, ಔಷಧಿ ಪ್ರಯೋಗಗಳು ಸಾಮಾನ್ಯವಾಗಿ ಹೀಗೆಯೇ ನಡೆಯುತ್ತವೆ. ಆದರೂ ಕಂಪನಿಯ ಹಂಗಿಲ್ಲದ ಇನ್ನೊಂದು ತಂಡ ಹೆಚ್ಚು ರೋಗಿಗಳ ಮೇಲೆ, ಹೆಚ್ಚು ವರ್ಷ ನೋಡಿ ಅದೇ ಫಲಿತಾಂಶ ಕಂಡಾಗ ಮಾತಿಗೆ ತೂಕ ಬರುತ್ತದೆ.

ದಕ್ಷಿಣ ಕೊರಿಯಾದ ‘ಕಾರ್ಟಿಸ್ಟೆಮ್’ ಹೆಸರನ್ನೂ ಕ್ಲಿನಿಕ್‌ಗಳು ಆಗಾಗ ಎತ್ತುತ್ತವೆ. ಹೊಕ್ಕುಳಬಳ್ಳಿಯ ರಕ್ತದ ಆಕರಕೋಶಗಳಿಂದ ಮೆಡಿಪೋಸ್ಟ್ ಕಂಪನಿ ತಯಾರಿಸಿದ ಇದಕ್ಕೆ ಅಲ್ಲಿ 2012ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದನ್ನು ಶಸ್ತ್ರಚಿಕಿತ್ಸೆ ಮಾಡಿ ಹಾನಿಯಾದ ಜಾಗಕ್ಕೇ ತುಂಬಬೇಕು. ಸಿರಿಂಜಿನಲ್ಲಿ ಚುಚ್ಚಿ ಸಂಜೆ ಮನೆಗೆ ಕಳಿಸುವ ಚಿಕಿತ್ಸೆಗೆ ಅದರ ಹೆಸರು ಹೇಳುವುದು ಸರಿಯಲ್ಲ.

ಭವಿಷ್ಯ ಇನ್ನೂ ಕುತೂಹಲಕರ. ಸ್ಟ್ಯಾನ್‌ಫರ್ಡ್‌ನ ಚಾರ್ಲ್ಸ್ ಚಾನ್, ಮೈಕೆಲ್ ಲಾಂಗೇಕರ್ ತಂಡ 2020ರಲ್ಲಿ ಇಲಿಗಳ ಮೂಳೆಗೆ ಸ್ಟೆಡ್‌ಮನ್ ಮಾದರಿಯ ತೂತು ಕೊರೆದು, ಜೊತೆಗೆ ಎರಡು ರಾಸಾಯನಿಕ ಸಂಕೇತಗಳನ್ನು ಹದ ಮಾಡಿ, ಅಲ್ಲೇ ನಿದ್ರಿಸುತ್ತಿದ್ದ ಆಕರಕೋಶಗಳಿಂದ ನಿಜವಾದ ಮೃದ್ವಸ್ಥಿಯನ್ನೇ ಬೆಳೆಸಿತು. ಜಪಾನಿನಲ್ಲಿ ನೊರಿಯುಕಿ ಸುಮಾಕಿ ಅವರ ತಂಡ, ಶಿನ್ಯಾ ಯಮನಾಕ ಅವರಿಗೆ 2012ರ ನೊಬೆಲ್ ತಂದ ಐಪಿಎಸ್ ಕೋಶಗಳಿಂದ (ಬೆಳೆದ ಕೋಶಗಳನ್ನು ಮರಳಿ ಆಕರಕೋಶಗಳಾಗಿಸಿ ಪಡೆದವು) ಮೃದ್ವಸ್ಥಿ ತಯಾರಿಸುತ್ತಿದೆ. ಇಲಿಯ ಮಂಡಿಯಿಂದ ಮನುಷ್ಯನ ಮಂಡಿಗೆ ದಾರಿ ದೂರ. ಇಂದು ಹಣ ಕಟ್ಟಿಸಿಕೊಳ್ಳುವವರು ಆ ದೂರವನ್ನು ಮರೆಮಾಚುತ್ತಾರೆ.

ಉಪಯೋಗವಾಗದಿದ್ದರೆ ಬೇಡ, ಹಾನಿಯಂತೂ ಇಲ್ಲವಲ್ಲ ಎನ್ನುವವರಿದ್ದಾರೆ. ಅಮೆರಿಕದಲ್ಲಿ 2018ರಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ, ಒಪ್ಪಿಗೆಯಿಲ್ಲದ ಉತ್ಪನ್ನವೊಂದನ್ನು ನೋವಿಗೆಂದು ಚುಚ್ಚಿಸಿಕೊಂಡ 12 ಮಂದಿ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದರು. ಕೀಲಿನೊಳಗೇ ಸೋಂಕು ಕೂತವರೂ ಅವರಲ್ಲಿದ್ದರು. ಫ್ಲಾರಿಡಾದ ಕ್ಲಿನಿಕ್ಕೊಂದರಲ್ಲಿ ಸ್ವಂತ ಕೊಬ್ಬಿನ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರ ದೃಷ್ಟಿ ಹೋಯಿತು. ಇವು ರೋಗಿಯ ಮೈಯದೇ ಕೋಶ, ಔಷಧಿಯಲ್ಲ, ಸರ್ಕಾರ ತಲೆಹಾಕುವಂತಿಲ್ಲ ಎಂಬ ಕ್ಲಿನಿಕ್‌ಗಳ ವಾದವನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯಗಳು 2021 ಮತ್ತು 2024ರಲ್ಲಿ ತಳ್ಳಿಹಾಕಿವೆ.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ, ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಚಿಕಿತ್ಸೆ ಬಿಟ್ಟು ಮಿಕ್ಕ ಆಕರಕೋಶ ಬಳಕೆಯೆಲ್ಲ ಪ್ರಯೋಗವೇ, ಅದು ಒಪ್ಪಿಗೆ ಪಡೆದ ಪ್ರಯೋಗದ ಚೌಕಟ್ಟಿನಲ್ಲೇ ನಡೆಯಬೇಕು ಎಂದು ಹೇಳಿತ್ತು. 2019ರ ಹೊಸ ಔಷಧಿ ಮತ್ತು ಪ್ರಯೋಗ ನಿಯಮಗಳು ಆಕರಕೋಶದಿಂದ ತಯಾರಾದ ಉತ್ಪನ್ನವನ್ನು ‘ಹೊಸ ಔಷಧಿ’ ಎಂದೇ ಪರಿಗಣಿಸುತ್ತವೆ. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಆ ಪ್ರಯೋಗದ ಖರ್ಚು ವಸೂಲಿ ಮಾಡಬಾರದೆಂಬುದು ಐಸಿಎಂಆರ್‌ನ ನೀತಿಸಂಹಿತೆ. ಅಂದಮೇಲೆ ಪರವಾನಗಿಯಿಲ್ಲದ, ಪ್ರಯೋಗವೆಂದು ನೋಂದಣಿಯೂ ಆಗದ ಚಿಕಿತ್ಸೆಗೆ ಬಿಲ್ಲು ಬರೆಯುವುದು ಯಾವ ಲೆಕ್ಕ? ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕಡತ ತರಿಸಿಕೊಳ್ಳಲು ದೆಹಲಿಯ ಕಡೆ ನೋಡಬೇಕಿಲ್ಲ.

ಇದೆಲ್ಲದರ ನಡುವೆ ಜಾಹೀರಾತಿಲ್ಲದ ಚಿಕಿತ್ಸೆಗಳು ಮೂಲೆಗೆ ಸರಿದಿವೆ. ಮೈತೂಕ ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೊ ಇಳಿಯುತ್ತದೆ ಎಂದು 2005ರಲ್ಲೇ ಅಳೆದು ತೋರಿಸಿದ್ದಾರೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ನೋವು ತಗ್ಗಿಸುತ್ತದೆ ಎಂಬುದಕ್ಕೆ ಆಕರಕೋಶಕ್ಕಿಂತ ಗಟ್ಟಿ ಪುರಾವೆಯಿದೆ. ಹೇಳಿಕೊಡಲು ಒಬ್ಬ ಫಿಸಿಯೊಥೆರಪಿಸ್ಟ್ ಬೇಕು; ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಹುದ್ದೆ ತುಂಬುವುದು ದೊಡ್ಡ ಸುದ್ದಿಯಾಗುವುದಿಲ್ಲ, ಅಷ್ಟೆ. ಮಂಡಿ ಬದಲಾವಣೆಗೆ ಬಳಸುವ ಸಾಮಾನ್ಯ ಇಂಪ್ಲಾಂಟ್‌ನ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿ 54,720 ರೂಪಾಯಿಯ ಮಿತಿ ಹಾಕಿತು. ಮೂಳೆಗೆ ಮೂಳೆ ತಾಗಿ ರಾತ್ರಿ ನಿದ್ದೆ ಬಾರದವರಿಗೆ ಆ ಆಪರೇಷನ್ ಇಂದಿಗೂ ನಂಬಬಹುದಾದ ದಾರಿ.

ಸ್ವೀಡನ್ 1975ರಿಂದ ದೇಶದಲ್ಲಿ ಬದಲಿಸಿದ ಮಂಡಿಗಳ ದಾಖಲೆ ಇಟ್ಟಿದೆ. ಯಾವ ಇಂಪ್ಲಾಂಟ್ ಎಷ್ಟು ವರ್ಷ ಬಾಳಿತು ಎಂಬುದು ಅದರಿಂದಲೇ ಗೊತ್ತಾಗಿದ್ದು. ಆಕರಕೋಶ ಕಂಪನಿಗಳಿರುವ, ಕೇಂದ್ರದ ಆಕರಕೋಶ ಸಂಶೋಧನಾ ಸಂಸ್ಥೆ ‘ಇನ್‌ಸ್ಟೆಮ್’ ಇರುವ ಬೆಂಗಳೂರಿನಿಂದ ಅಂಥದೊಂದು ದಾಖಲೆ ಶುರುವಾಗಬೇಕು. ರಾಜ್ಯದಲ್ಲಿ ಯಾರ ಮಂಡಿಗೆ ಯಾವ ಕೋಶ, ಎಷ್ಟು, ಎಷ್ಟು ಹಣಕ್ಕೆ ಹೋಯಿತು, ಎರಡು ವರ್ಷದ ನಂತರ ಆ ಮನುಷ್ಯ ಹೇಗೆ ನಡೆಯುತ್ತಿದ್ದಾನೆ ಎಂಬುದನ್ನು ಬರೆದಿಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಸರಳ. ಇಂಜೆಕ್ಷನ್‌ಗೆ ಒಪ್ಪುವ ಮೊದಲು ಎರಡರಲ್ಲಿ ಒಂದನ್ನು ಬರಹದಲ್ಲಿ ಕೇಳಿ: ಔಷಧ ನಿಯಂತ್ರಕರ ಪರವಾನಗಿಯಿರುವ ಉತ್ಪನ್ನದ ಹೆಸರು, ಇಲ್ಲವೇ ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಸಂಖ್ಯೆ. ಮೊದಲನೆಯದಿದ್ದರೆ ನಿಮ್ಮ ಮಂಡಿಯ ಸವೆತ ಎಷ್ಟನೆಯ ದರ್ಜೆ ಎಂದು ವಿಚಾರಿಸಿ. ಎರಡನೆಯದಿದ್ದರೆ ಚಿಕಿತ್ಸೆ ಉಚಿತವಾಗಿರಬೇಕು. ಎರಡೂ ಇಲ್ಲದಿದ್ದರೆ ಹಣ ಕೊಡಬೇಡಿ.